ಬಾಗಿಲಿಗೆ ಸಿಕ್ಕಿದ ಬಾಲ

ಬುಚಿ ಬಡಾವಣೆ, ಕಿಟ್ವೆ
೨೦ ಆಗಸ್ಟ್ ೨೦೦೬, ಭಾನುವಾರ

ಪ್ರೀತಿಯ ತಮ್ಮ ಕಸೂಬಾನಿಗೆ,

ಹೇಗಿದ್ದೀಯಪ್ಪಾ? ಕೈ ನಡುಕ ಪೂರ್ತಿ ನಿಂತಿದೆಯೆ? ನೀನು ಜೂನ್‌ನಲ್ಲಿ ಬರೆದ ಪತ್ರ ಬಂದಾಗ ಓದುವ ಮೊದಲು ಅಕ್ಷರಗಳನ್ನೇ ನೋಡುತ್ತ ಕುಳಿತಿದ್ದೆ. ಟೀಚರಾಗಿದ್ದವಳ ಚಾಳಿ, ಮೊದಲು ಅಕ್ಷರ, ಆಮೇಲೆ ವಿಷಯ. ಹಳೆಯ ಇಂಜೆಕ್ಷನ್ ಕೊಡುತ್ತಿದ್ದ ದಿನಗಳಲ್ಲಿ ನಿನ್ನ ಅಕ್ಷರಗಳು ಕುಡಿದವರಂತೆ ಒಂದು ಗೆರೆಯಿಂದ ಇನ್ನೊಂದಕ್ಕೆ ಬೀಳುತ್ತಿದ್ದವು. ಈ ಸಲ ಪ್ರಾರ್ಥನೆಗೆ ನಿಂತ ಮಕ್ಕಳಂತೆ ನೆಟ್ಟಗಿದ್ದವು. ಬಾಯಿ ಒಣಗುವುದು, ಹಗಲೆಲ್ಲ ತೂಕಡಿಸುವುದು ಹೇಗಿದೆ? ಹಸಿವಾಗುತ್ತಿದೆ ತಾನೆ? ಇಲ್ಲಿ ಚಳಿ ಮುಗಿಯುತ್ತ ಬಂತು, ಧೂಳಿನ ಗಾಳಿ ಶುರುವಾಗಿದೆ. ಹಿತ್ತಲಿನ ಮಾವಿನ ಮರ ಮೈತುಂಬ ಹೂ ಬಿಟ್ಟಿದೆ. ನೀನು ನೆಟ್ಟದ್ದು ಬೇರೆ ಜಾತಿಯದೆಂದು ಅಪ್ಪ ಸಾಯುವವರೆಗೂ ವಾದಿಸಿದರು. ಹಣ್ಣು ಮಾತ್ರ ಯಾವ ಜಾತಿಯದೆಂದು ಕೇಳದೆ ಎಲ್ಲರೂ ತಿನ್ನುತ್ತಾರೆ. ಕಳಿಸಿದ ಒಣಮೀನಿನ ಪೊಟ್ಟಣ ಸಿಕ್ಕಿತೆ? ಕಾವಲುಗಾರನಿಗೆ ಅರ್ಧ ಹೋಗಿರುತ್ತದೆ ಎಂದು ಗೊತ್ತಿದ್ದೇ ಎರಡು ಹಿಡಿ ಜಾಸ್ತಿ ಹಾಕಿದ್ದೆ.

ನಿನ್ನ ಇಲಿ ಡಾಕ್ಟರರ ಕಥೆ ಓದಿ ಒಬ್ಬಳೇ ನಕ್ಕೆ. ಪ್ರತಿ ಗುರುವಾರ ಅವರು ನಿನ್ನ ಮಂಚದ ಪಕ್ಕ ಕುಳಿತು ನಿದ್ದೆ ಬಂತೆ, ಯಾರ ದನಿಯಾದರೂ ಕೇಳಿಸಿತೆ, ಸಿಟ್ಟು ಬಂತೆ ಎಂದು ಕೇಳುವುದು, ನೀನು ಮೊದಲು ಬೈದು ಆಮೇಲೆ ಉತ್ತರಿಸುವುದು. ಅವರು ಎಂಗೋನಿ ಬುಡಕಟ್ಟಿನವರೆಂದು ಗೊತ್ತಾದ ದಿನದಿಂದ ನೀನು "ಏ ಇಲಿ ತಿನ್ನೋನೆ, ಯಾಕಿಷ್ಟು ತಡ? ಬಾಲ ಬಾಗಿಲಿಗೆ ಸಿಕ್ಕಿತ್ತಾ?" ಎನ್ನದೆ ರಕ್ತ ತೆಗೆಯಲು ಕೈ ಚಾಚುವುದಿಲ್ಲವಂತೆ. ಗಣಿಯ ವಠಾರದಲ್ಲಿ ನಮ್ಮ ಪಕ್ಕದ ಮನೆಯ ಎಂಗೋನಿ ಮುದುಕ ಜೆರೆಗೆ ಅಪ್ಪ ದಿನಾ ಹೇಳುತ್ತಿದ್ದ ಮಾತು ಅದು, ಎರಡೂ ಬುಡಕಟ್ಟುಗಳ ಹಳೆಯ ಗೇಲಿಯ ನಂಟು. ಜೆರೆ ತಿರುಗಿ "ಕೋತಿ ತಿನ್ನೋ ಬೆಂಬಾ ಜನಕ್ಕೆ ಬಾಲದ್ದೇ ಯೋಚನೆ" ಎನ್ನುತ್ತಿದ್ದ. ಹೊರದೇಶದಿಂದ ಬಂದ ಇನ್ನೊಬ್ಬ ಡಾಕ್ಟರು ಇದನ್ನು ಕೇಳಿ ರೋಗ ಅಳೆಯುವ ಹಾಳೆಯಲ್ಲಿ ನಿನಗೆ 'ಹಗೆತನ'ದ ಕೆಳಗೆ ಅತಿ ಹೆಚ್ಚು ಅಂಕ ಕೊಟ್ಟರೆಂದು ನೀನು ಬರೆದಿದ್ದೆ. ಆಗ ನಿನ್ನ ಡಾಕ್ಟರು, ಬೆಂಬಾದವನು ಎಂಗೋನಿಯವನನ್ನು ಬೈಯದಿದ್ದರೇ ಏನೋ ಕೆಟ್ಟಿದೆ ಎಂದರ್ಥ, ಈತ ನನ್ನ ಕ್ಷೇಮವನ್ನು ಮರ್ಯಾದೆಯಿಂದ ವಿಚಾರಿಸಿದ ದಿನ ಬೇಕಾದರೆ ಅಂಕ ಹಾಕಿ ಎಂದು ಹೇಳಿ ಅದನ್ನು ಹೊಡೆದುಹಾಕಿಸಿದರಂತೆ. ಬದುಕಿನಲ್ಲಿ ಮೊದಲ ಸಲ ಸೊನ್ನೆ ತೆಗೆದುಕೊಂಡು ಪಾಸಾದೆ ಎಂದು ನೀನು ಬರೆದ ಸಾಲನ್ನು ಎರಡೆರಡು ಸಲ ಓದಿದೆ. ಅಂಥ ಸಾಲು ಬರೆಯುವ ತಮ್ಮ ಎಷ್ಟೋ ವರ್ಷಗಳಿಂದ ಪತ್ರದಲ್ಲಿ ಕಾಣಿಸಿಕೊಂಡಿರಲಿಲ್ಲ. ಸಂತೋಷಪಡಬೇಕಾಗಿತ್ತು. ಪಟ್ಟೆ. ಅದರ ಬೆನ್ನಿಗೇ ಭಯವೂ ಆಯಿತು. ಆ ಭಯ ಏನೆಂದು ಹೇಳಲಿಕ್ಕೇ ಈ ಪತ್ರ.

ನಾನು ಪತ್ರಿಕೆಗೆ ಬರೆದದ್ದು ನಿನಗೂ ತಲುಪಿತೋ ಏನೋ. ನಿಮ್ಮ ಆಸ್ಪತ್ರೆಯಲ್ಲಿ ಹೊಸ ಗುಳಿಗೆಯ ಸಂಶೋಧನೆ ನಡೆಯುತ್ತದೆ ಎಂದು ಕಳೆದ ವರ್ಷ ಸುದ್ದಿ ಬಂದಾಗ ನನ್ನ ರಕ್ತ ಕುದಿಯಿತು. ನನಗೆ ಮರೆವು ಕಡಿಮೆ, ನಿನಗೆ ಗೊತ್ತು. ಬಿಳಿಯರ ಕಾಲದ ಡಾಕ್ಟರುಗಳು ಬರೆದಿಟ್ಟ ಪುಸ್ತಕಗಳನ್ನು ನಾನು ಗ್ರಂಥಾಲಯದಲ್ಲಿ ಕುಳಿತು ಓದಿದವಳು. ಆಫ್ರಿಕದವರಿಗೆ ದುಃಖದ ಕಾಯಿಲೆ ಬರುವುದೇ ಇಲ್ಲ, ಅಷ್ಟು ಆಳ ಇವರಿಗಿಲ್ಲ ಎಂದು ಓದುಬರಹ ಬಲ್ಲ ಮನುಷ್ಯರು ಬರೆದಿದ್ದರು. ಅದೇ ಕಾಲದಲ್ಲಿ ನಮ್ಮಪ್ಪ ಗಣಿಯೊಳಗೆ ಜೊತೆಗಾರ ಸತ್ತ ಮೇಲೆ ಮಳೆಗಾಲ ಪೂರ್ತಿ ಗೋಡೆ ನೋಡುತ್ತ ಕುಳಿತಿದ್ದರು. ಅದಕ್ಕೆ ಗಣಿಯವರು ಇಟ್ಟ ಹೆಸರು ಸೋಮಾರಿತನ. ಇವೆಲ್ಲ ನೆನಪಾಗಿ ಬರೆದೆ. ಗುಳಿಗೆ ಯಾರ ಲಾಭಕ್ಕೆ, ಸಂಶೋಧನೆ ಮುಗಿದ ಮರುದಿನ ರೋಗಿಗೆ ಗುಳಿಗೆ ಯಾರು ಕೊಡುತ್ತಾರೆ, ಒಂದು ವಾರ್ಡಿಗೆ ಮಾತ್ರ ಬಣ್ಣ ಬಳಿದು ಉಳಿದ ವಾರ್ಡುಗಳ ಕಿಟಕಿಗೆ ಗಾಜು ಹಾಕದ ಸರ್ಕಾರ ಯಾಕೆ ಬಾಯಿ ಮುಚ್ಚಿದೆ ಎಂದು ಕೇಳಿದೆ. "ನಮ್ಮ ಅಣ್ಣತಮ್ಮಂದಿರು ಪ್ರಯೋಗದ ಇಲಿಗಳಲ್ಲ" ಎಂದು ಕೊನೆಯ ಸಾಲು. ಕೆಳಗೆ ನನ್ನ ಪೂರ್ತಿ ಹೆಸರು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಚರ್ಚಿನಲ್ಲಿ ಪಾದ್ರಿಯವರು ಕೈಕುಲುಕಿದರು. ಮಾರ್ಕೆಟ್ಟಿನಲ್ಲಿ ಟೊಮೆಟೊ ಮಾರುವವಳು ಸಹ ಎರಡು ಹಣ್ಣು ಜಾಸ್ತಿ ಹಾಕಿ ಹೊಗಳಿದಳು. ನಾನು ಬರೆದದ್ದರಲ್ಲಿ ಒಂದು ಮಾತೂ ಸುಳ್ಳಲ್ಲ, ಇವತ್ತಿಗೂ ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಣ್ಣತಮ್ಮಂದಿರು ಎಂದು ಬರೆದವಳಿಗೆ ಆ ಆಸ್ಪತ್ರೆಯಲ್ಲಿ ನಿಜಕ್ಕೂ ಒಬ್ಬ ತಮ್ಮ ಇದ್ದಾನೆಂದು ಕೈಕುಲುಕಿದ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವಳು ನಾನೇ.

ಊರಿನ ಲೆಕ್ಕದಲ್ಲಿ ನೀನು ಕಾಂಗೋದಲ್ಲಿದ್ದೀಯ. ಲುಬುಂಬಾಶಿಯಲ್ಲಿ ಲಾರಿಗಳ ಕೆಲಸ. ಮೊದಮೊದಲು ಯಾರೋ ಕೇಳಿದಾಗ ಬಾಯಿಗೆ ಬಂದದ್ದು, ಆಮೇಲೆ ಅದಕ್ಕೆ ಕೈಕಾಲು ಬೆಳೆಯಿತು. ಮಗಳು ಲೋಂಬೆಗೆ ಹುಟ್ಟುಹಬ್ಬಕ್ಕೆ ಬಟ್ಟೆ ಕೊಳ್ಳುವಾಗ ಕಾಂಗೋದಿಂದ ಬರುವ ಹೂವಿನ ಬಟ್ಟೆಯನ್ನೇ ಹುಡುಕಿ ಕೊಂಡು, ಮಾವ ಕಳಿಸಿದ್ದು ಎಂದು ಕೊಡುತ್ತಿದ್ದೆ. ಹುಡುಗಿ ಅದನ್ನು ಸೊಂಟಕ್ಕೆ ಸುತ್ತಿಕೊಂಡು ಕುಣಿಯುತ್ತಿದ್ದಳು. ಅವಳಿಗೆ ಹೆಸರಿಟ್ಟವನು ನೀನು ಎಂಬುದನ್ನು ಮಾತ್ರ ನಿಜ ಹೇಳಿದ್ದೆ.

ಮೇ ತಿಂಗಳಲ್ಲಿ ನಿನ್ನ ಡಾಕ್ಟರು ಫೋನ್ ಮಾಡಿದರು. ಡಾಕ್ಟರ್ ಶಾವಾ ಎಂದರು. ದನಿ ಬಹಳ ಮೆತ್ತಗೆ, ಮಾತಿನ ಕೊನೆಯಲ್ಲಿ ಉಸಿರು ಬಿಡುವ ಅಭ್ಯಾಸ. ಸಂಶೋಧನೆ ಸೆಪ್ಟೆಂಬರಿಗೆ ಮುಗಿಯುತ್ತದೆ, ನಿಮ್ಮ ತಮ್ಮನಿಗೆ ಗುಳಿಗೆ ಚೆನ್ನಾಗಿ ಹಿಡಿದಿದೆ ಎಂದರು. ಮುಗಿದ ಮೇಲೂ ಎರಡು ವರ್ಷ ಅದೇ ಗುಳಿಗೆ ಕೊಡುವ ಏರ್ಪಾಡಾಗಿದೆಯಂತೆ. ಆದರೆ ಮನೆಗೆ ಹೋಗುವವರಿಗೆ ಮಾತ್ರ. ಮನೆಯವರೊಬ್ಬರು ತಿಂಗಳಿಗೊಮ್ಮೆ ಬಂದು ಒಯ್ಯಬೇಕು. ಕರೆದೊಯ್ಯುವವರು ಇಲ್ಲದವರು ಹಿಂದಿನ ವಾರ್ಡಿಗೆ, ಹಿಂದಿನ ಇಂಜೆಕ್ಷನ್ನಿಗೆ. ಪತ್ರಿಕೆಯಲ್ಲಿ ನಾನು ಕೇಳಿದ್ದ ಪ್ರಶ್ನೆಗೆ ಅವರು ಫೋನಿನಲ್ಲಿ ಉತ್ತರ ಕೊಟ್ಟಿದ್ದರು. ಆಮೇಲೆ ಅವರ ಪ್ರಶ್ನೆ: "ಅಮ್ಮಾ, ಅವರಿಗೆ ಮನೇಲಿ ಜಾಗ ಇದೆಯಾ?" ಕುಟುಂಬದವರನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಅದೂ ಒಂದಂತೆ. ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಕೈ ಏಳುತ್ತಿಲ್ಲ. ಆಮೇಲೂ ಎರಡು ಸಲ ಫೋನ್ ಬಂತು. ನಾನು ಎತ್ತಲಿಲ್ಲ.

ನೀನು ಗುಣವಾಗಿ ಮನೆಗೆ ಬರುವೆ ಎಂಬುದೇ ನನ್ನ ಭಯವಾಗಿತ್ತು, ಯಾಕೆಂದರೆ ಅಷ್ಟರಲ್ಲಿ ಲೋಂಬೆಗೆ ಗಂಡು ಬಂದಿತ್ತು. ಲಿಂಬಾನಿ ಸೋಕೋ ಎಂದು ಹುಡುಗನ ಹೆಸರು, ಬ್ಯಾಂಕಿನಲ್ಲಿದ್ದಾನೆ, ಒಳ್ಳೆಯವನು, ನನ್ನ ಅಡುಗೆಯನ್ನು ಹೊಗಳುವಷ್ಟು ಸುಳ್ಳು ಹೇಳಬಲ್ಲ. ಎಂಗೋನಿಯವರು! ನೀನಿದ್ದಿದ್ದರೆ ಗೇಲಿ ಮಾಡಿ ಮಾಡಿ ಅವನ ಜೀವ ತೆಗೆಯುತ್ತಿದ್ದೆ. ನಮ್ಮಲ್ಲಿ ಹುಡುಗಿ ತಂದೆಯ ಸ್ವತ್ತಲ್ಲ, ತಾಯಿಯ ಬಳ್ಳಿ. ಗಂಡಿನವರು ತರುವ ಮುಚ್ಚಿದ ತಟ್ಟೆಯ ಮುಚ್ಚಳ ಎತ್ತಬೇಕಾದವನು ಸೋದರಮಾವ. ಅವನು ಎತ್ತಿದರೆ ಸಂಬಂಧ, ಎತ್ತದಿದ್ದರೆ ಇಲ್ಲ. ತಾಯಿಯ ಬಳ್ಳಿಯಲ್ಲಿ ತಲೆ ಕೆಟ್ಟವರಿದ್ದಾರೆ ಎಂದರೆ ಅದು ಮಗಳ ಮಕ್ಕಳಿಗೆ ಇಳಿಯುತ್ತದೆ ಎಂದು ಜನ ಹೇಳುತ್ತಾರೆ. ಅದು ಅಷ್ಟು ಸರಳವಲ್ಲ ಎಂದು ನಾನು ಓದಿ ಬಲ್ಲೆ. ಆದರೂ ಗಂಡಿನ ಮನೆಯವರ ಮುಖ ಕಣ್ಣ ಮುಂದೆ ಬಂದಾಗ ಓದಿದ್ದೆಲ್ಲ ಪುಸ್ತಕದೊಳಗೇ ಉಳಿಯಿತು. ಚರ್ಚಿನ ಹಿರಿಯ ಸಂಪಾ ಅವರನ್ನು, ಅದೇ ಹಾಡಿನ ಗುಂಪಿನಲ್ಲಿ ದಪ್ಪ ದನಿಯವರು, ನಮ್ಮ ಕುಲದವರೇ ಆದ್ದರಿಂದ ಒಂದು ದಿನದ ಮಟ್ಟಿಗೆ ಮಾವನಾಗಿ ಎಂದು ಕೇಳಿಕೊಂಡೆ. ಕಾಂಗೋದ ತಮ್ಮನಿಗೆ ರಜೆ ಸಿಕ್ಕಿಲ್ಲ ಎಂದೆ. ಒಳ್ಳೆಯ ಮನುಷ್ಯ, ನಂಬಿದರು. ಗಂಡಿನವರಿಗೆ ಮಾತ್ರ ಇವರೇ ನನ್ನ ತಮ್ಮ ಎಂದು ಹೇಳಿದ್ದಾಯಿತು.

ಆಗಸ್ಟ್ ಹನ್ನೆರಡರ ಶನಿವಾರ ಅವರು ಬಂದರು. ಗೇಟಿನಲ್ಲೇ ಶುರು. ಹುಡುಗನ ದೊಡ್ಡತ್ತೆ, ನಿನ್ನ ವಯಸ್ಸಿನ ಹೆಂಗಸು, ಬಾಗಿಲಲ್ಲಿ ನಿಂತು ಮೂಗು ಮೇಲೆತ್ತಿ, ಕೋತಿ ಸಾರು ಇಳಿಸಿಯಾಯಿತೋ ಅಥವಾ ಕೋತಿ ಇನ್ನೂ ಮರದ ಮೇಲೇ ಇದೆಯೋ ಎಂದಳು. ನಮ್ಮ ಕಡೆಯ ಹೆಂಗಸರು ಬಿಡುತ್ತಾರೆಯೆ? "ಹೆದರ್ಕೊಳ್ದೆ ಬನ್ನಿ, ನೀವು ಬರ್ತೀರಿ ಅಂತ ಬೆಕ್ಕನ್ನ ಹಿತ್ತಲಲ್ಲಿ ಕಟ್ಟಿದ್ದೀವಿ" ಎಂದರು. ಬೀದಿಯವರೆಲ್ಲ ನಗಲು ಸೇರಿದರು. ಒಳಗೆ ಚಾಪೆ ಹಾಕಿ, ಮಧ್ಯಸ್ಥ ತಟ್ಟೆಯನ್ನು ನಡುವೆ ಇಟ್ಟು, ಮಾವ ಯಾರು ಎಂದು ಕೇಳಿದ. ಸಂಪಾ ಮುಂದೆ ಬಂದು ಕುಳಿತರು. ದೊಡ್ಡತ್ತೆ ಅವರನ್ನು ಮೇಲಿಂದ ಕೆಳಗೆ ನೋಡಿ "ಇವನೇನಾ ಮಾವ? ಕಾಡಲ್ಲಿ ಕೋತಿ ಯಾಕೆ ಕಮ್ಮಿ ಆಯ್ತು ಅಂತ ಇವನ ಹೊಟ್ಟೆ ನೋಡಿದ ಮೇಲೆ ಗೊತ್ತಾಯ್ತು" ಎಂದಳು.

ಎಲ್ಲರೂ ಸಂಪಾ ಅವರ ಬಾಯಿ ನೋಡಿದರು. ಅವರು ಕೈ ಮುಗಿದು, ತಲೆ ಬಾಗಿಸಿ, ದಪ್ಪ ದನಿಯಲ್ಲಿ "ಧನ್ಯವಾದ ತಾಯಿ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ" ಎಂದರು.

ಅದು ಎಂಥ ಏಟು ಎಂದು ನಿನಗೆ ಹೇಳಬೇಕೆ ಕಸೂಬಾ? ಅವಳ ಕೆನ್ನೆಗೆ ಹೊಡೆದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಬೈಗುಳಕ್ಕೆ ಬೈಗುಳ ಕೊಡದಿದ್ದರೆ ನೀನು ನನ್ನ ನಂಟನಲ್ಲ ಎಂದಂತೆ. ಹಿರಿಯರಾಗಿ ಬೈಯಬಾರದು ಎಂದು ಚರ್ಚಿನಲ್ಲಿ ಪ್ರತಿಜ್ಞೆ ಮಾಡಿದ್ದ ಪಾಪದ ಮನುಷ್ಯನಿಗೆ ಅದು ಹೊಳೆಯಲಿಲ್ಲ. ದೊಡ್ಡತ್ತೆಯ ಮುಖ ಬಿಗಿಯಿತು. ಆಗ ಗಂಡಿನವರ ಸಾಲಿನ ಹಿಂದಿನಿಂದ ಒಬ್ಬ ಮಾತಾಡಿದ. ಹುಡುಗನ ಚಿಕ್ಕಮ್ಮನ ಮಗ, ಆಸ್ಪತ್ರೆಯೊಂದರಲ್ಲಿ ಕೆಲಸ ಎಂದಷ್ಟೇ ಪರಿಚಯ ಹೇಳಿದ್ದರು. ಸಣಕಲು ದೇಹ, ಕನ್ನಡಕ. ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು, ಫೋನಿನಲ್ಲಿ ಮಾತಾಡಿದ ನಿನ್ನ ಡಾಕ್ಟರು. ಮೆತ್ತಗಿನ ದನಿ, ಮಾತಿನ ಕೊನೆಯಲ್ಲಿ ಉಸಿರು.

"ಅತ್ತೆ, ಇವರು ಮಾವ ಇರಲಾರರು ಬಿಡಿ" ಎಂದು ಅವನು ನಗುತ್ತ ಹೇಳಿದ. "ನನಗೊಬ್ಬ ಕೋತಿ ತಿನ್ನೋ ಮಾವ ಇದ್ದಾನೆ. ನಾನು ಒಂಚೂರು ತಡ ಮಾಡಿದ್ರೂ ಬಾಲ ಬಾಗಿಲಿಗೆ ಸಿಕ್ಕಿತ್ತಾ ಅಂತ ಕೇಳ್ದೆ ಕೈ ಮುಂದೆ ಮಾಡಲ್ಲ. ಮಾವ ಅಂದ್ರೆ ಅವನು."

ಗಂಡಿನವರೆಲ್ಲ ಹೋ ಎಂದು ನಕ್ಕರು, ದೊಡ್ಡತ್ತೆಯೂ ನಕ್ಕಳು, ಬಿಗಿ ಸಡಿಲವಾಯಿತು. ಆಮೇಲೆ ಅವನು ನನ್ನ ಕಡೆ ತಿರುಗಿದ. "ಅಮ್ಮಾ, ಆಸ್ಪತ್ರೇಲಿ ಪ್ರಯೋಗಕ್ಕೆ ಇಲಿ ಸಾಕಿದ್ದಾರೆ ಅಂತ ಪೇಪರ್‌ನಲ್ಲಿ ಬರೆದೋರು ನೀವೇ ಅಲ್ವಾ? ನಾವು ಸಿಕ್ಕಿದ ಇಲೀನ ಬಿಡೋ ಜನ ಅಲ್ಲ. ಆದ್ರೆ ಮನೆಯೋರು ಬಂದು ಇದು ನಮ್ಮದು ಅಂದ್ರೆ ವಾಪಸ್ ಕೊಡ್ತೀವಿ. ಯಾರೂ ಬಂದಿಲ್ಲ, ಅಷ್ಟೆ."

ಎಲ್ಲರಿಗೂ ಅದು ತಮಾಷೆ. ಹೆಡ್‌ಮಿಸ್ ಬರೆದ ಪತ್ರದ ಮೇಲೆ ಅಳಿಯನ ಕಡೆಯವನು ಎಸೆದ ಚೇಷ್ಟೆಯ ಮಾತು. ನನ್ನ ನಾದಿನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವನು ಯಾರ ಹೆಸರೂ ಹೇಳಲಿಲ್ಲ, ಯಾವ ರೋಗಿಯ ಗುಟ್ಟನ್ನೂ ಹೊರಗೆ ಹಾಕಲಿಲ್ಲ. ಗೇಲಿಯ ನಂಟರು ಆಡಿದ ಮಾತಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿಲ್ಲ. ಅಷ್ಟು ಜನರ ನಡುವೆ, ನನ್ನ ಮನೆಯೊಳಗೆ, ನಗುತ್ತಲೇ ನನ್ನನ್ನು ಒಬ್ಬಳೇ ನಿಲ್ಲಿಸಿ ಕೇಳಿದ. ಸರ್ಕಾರವನ್ನು, ಬಿಳಿಯರನ್ನು, ಗುಳಿಗೆ ಕಂಪನಿಗಳನ್ನು ನಾನು ಕೇಳಿದ ಯಾವ ಪ್ರಶ್ನೆಯೂ ಇಷ್ಟು ಚಿಕ್ಕದಾಗಿರಲಿಲ್ಲ. ಯಾರೂ ಬಂದಿಲ್ಲ, ಅಷ್ಟೆ.

ಸಂಪಾ ಅವರ ಕೈ ಮುಚ್ಚಳದ ಮೇಲಿತ್ತು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಇವತ್ತು ತಟ್ಟೆ ತೆರೆಯುವುದು ಬೇಡ, ಇವರು ನನ್ನ ತಮ್ಮನಲ್ಲ, ಮಾವ ಬಂದ ಮೇಲೆ ತೆರೆಯೋಣ ಎಂದೆ. ಮಾವ ಎಲ್ಲಿದ್ದಾನೆ ಎಂದು ಮಧ್ಯಸ್ಥ ಕೇಳಿದ. ಆಗ ಹೇಳಬಹುದಿತ್ತು. ಬಾಯಿಗೆ ಬಂದದ್ದು "ದೂರದಲ್ಲಿ" ಎಂಬ ಒಂದು ಮಾತು. ಅದು ಸುಳ್ಳಲ್ಲ ನೋಡು. ಅಷ್ಟು ದೊಡ್ಡ ಏಟು ತಿಂದ ಮೇಲೂ ಸುಳ್ಳಲ್ಲದ ಮಾತು ಹುಡುಕುವಷ್ಟು ಜಾಣತನ ನನ್ನಲ್ಲಿ ಉಳಿದಿತ್ತು. ಗಂಡಿನವರು ಗುಸುಗುಸು ಮಾತಾಡಿಕೊಂಡರು, ಊಟ ಮಾಡಿದರು, ತಟ್ಟೆಯನ್ನು ಮುಚ್ಚಿದಂತೆಯೇ ಎತ್ತಿಕೊಂಡು ಹೊರಟರು. ಸಂಪಾ ಅವರ ಎದೆಯ ಮೇಲಿಂದ ಬಂಡೆ ಇಳಿದಿತ್ತು, ಎರಡು ಸಲ ಕೋಳಿ ಬಡಿಸಿಕೊಂಡರು. ಗೇಟಿನ ಪಕ್ಕದ ನಲ್ಲಿಯ ಹತ್ತಿರ ನಾನು ಡಾಕ್ಟರರ ಹಿಂದೆ ಹೋಗಿ, ನನ್ನ ತಮ್ಮ ಹೇಗಿದ್ದಾನೆ ಎಂದು ಮೆಲ್ಲಗೆ ಕೇಳಿದೆ. ಅವರು ಕೈ ತೊಳೆಯುತ್ತ, "ಇವತ್ತು ನಾನು ಗಂಡಿನ ಕಡೆಯೋನು ಅಮ್ಮಾ, ಊಟಕ್ಕೆ ಬಂದಿದ್ದೀನಿ. ಡಾಕ್ಟರು ಬೇಕಿದ್ರೆ ಗುರುವಾರ ಸಿಗ್ತಾನೆ" ಎಂದರು. ಮುಖದಲ್ಲಿ ಆಗ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಪಾತ್ರೆ ತೊಳೆಯುವಾಗ ಲೋಂಬೆ ಕೇಳಿದಳು, ಯಾಕಮ್ಮ ಹೀಗೆ ಮಾಡಿದೆ ಎಂದು. ಹೇಳಿದೆ. ಎಲ್ಲವನ್ನೂ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೈ ಒರೆಸಿಕೊಂಡು, ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನು ನೋಡಿಕೊಂಡಳು. ನೀಲಿ ಹೂವಿನದು, ನೀನು ಕಳಿಸಿದ್ದೆಂದು ನಾನು ಕೊಟ್ಟದ್ದು. ನಿಶ್ಚಯದ ದಿನ ಮಾವನ ಬಟ್ಟೆಯನ್ನೇ ಉಡಬೇಕೆಂದು ಬೆಳಿಗ್ಗೆ ಹಟ ಮಾಡಿ ಉಟ್ಟಿದ್ದಳು. ಅದನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲೆ ನನ್ನ ಮುಂದಿಟ್ಟಳು. "ಮಾವನಿಗೆ ನಾನು ಎಷ್ಟು ದೊಡ್ಡವಳಾಗಿದ್ದೀನಿ ಅಂತ ಗೊತ್ತಾ?" ಎಂದಳು. ನನ್ನ ಪತ್ರಗಳಲ್ಲಿ ನಿನಗೆ ಅವಳ ಸುದ್ದಿ ಬರೆಯುತ್ತಲೇ ಇದ್ದೆ ಎಂದೆ. "ಮಾವನ ಸುದ್ದಿ ನನಗೆ ಮಾತ್ರ ಹೇಳ್ಲಿಲ್ಲ" ಎಂದಳು. ಆಮೇಲೆ ಮತ್ತೆ ಪಾತ್ರೆ ತೊಳೆಯಲು ಶುರು ಮಾಡಿದಳು. ಇಡೀ ವಾರ ನನ್ನ ಜೊತೆ ಬೇಕಾದಷ್ಟೇ ಮಾತು.

ಸೋಮವಾರ ಮಧ್ಯಸ್ಥನ ಮನೆಗೆ ನಾನೇ ನಡೆದು ಹೋಗಿ ಹೇಳಿದೆ. ನಮ್ಮ ಮಾವ ಹುಚ್ಚಾಸ್ಪತ್ರೆಯಲ್ಲಿದ್ದಾನೆ, ಹುಚ್ಚಾಸ್ಪತ್ರೆ ಎಂದೇ ಹೇಳಿ, ಬೇರೆ ನಯವಾದ ಮಾತು ಬೇಡ, ಕಾಂಗೋ ಎಂಬುದು ನಾನು ಕಟ್ಟಿದ್ದು, ಇದನ್ನು ಕೇಳಿದ ಮೇಲೂ ತಟ್ಟೆ ತರುವ ಮನಸ್ಸಿದ್ದರೆ ತರಲಿ ಎಂದೆ. ಗಂಡಿನವರಿಗೆ ತಿಳಿಸುತ್ತೇನೆ ಎಂದ. ಇವತ್ತಿಗೂ ಉತ್ತರ ಬಂದಿಲ್ಲ. ಲಿಂಬಾನಿ ಬುಧವಾರ ಬಂದು ಲೋಂಬೆಯ ಜೊತೆ ಮಾವಿನ ಮರದ ಕೆಳಗೆ ಬಹಳ ಹೊತ್ತು ಕುಳಿತಿದ್ದ. ಏನು ಮಾತಾಡಿದರೋ ನಾನು ಕೇಳಲಿಲ್ಲ. ಹೋಗುವಾಗ ನನಗೆ ನಮಸ್ಕಾರ ಮಾಡಿದ. ಬೈದು ಹೋಗಿದ್ದರೆ ಸಮಾಧಾನವಾಗುತ್ತಿತ್ತು.

ಪತ್ರ ಉದ್ದವಾಯಿತು. ಸ್ವೆಟರು ಬಿಚ್ಚಬೇಡ, ಬೆಳಗಿನ ಗಾಳಿ ಇನ್ನೂ ತಣ್ಣಗಿದೆ. ನಿನ್ನ ಪಕ್ಕದ ಮಂಚದ ಮುದುಕರಿಗೆ, ರಾತ್ರಿ ಹಾಡುತ್ತಾರೆ ಎಂದಿದ್ದೆಯಲ್ಲ, ಅವರಿಗೂ ನನ್ನ ನಮಸ್ಕಾರ ಹೇಳು. ಅಪ್ಪ ಅಮ್ಮನ ಆತ್ಮಗಳು ನಿನ್ನ ತಲೆ ಕಾಯಲಿ. ನನಗಿಂತ ಅವರೇ ಚೆನ್ನಾಗಿ ಕಾದಿದ್ದಾರೆ.

ನಿನ್ನ ಅಕ್ಕ,
ಬುಪೆ

ಮರೆತ ಮಾತು: ಈ ಪತ್ರ ನಾಳೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಬರುತ್ತದೆ, ಹಿಂದೆಯೇ ಗುರುವಾರ ನಾನು. ಗಂಡಿನವರ ಉತ್ತರ ಬಂದರೂ, ಬರದಿದ್ದರೂ. ಜಾಗ ಇದೆಯಾ ಎಂದು ನಿನ್ನ ಡಾಕ್ಟರು ಕೇಳಿದಾಗ ನಾನು, ಮನೆಯ ಮಾಡು ತೆಗೆಸಿದ್ದೇವೆ, ರಿಪೇರಿ ನಡೆಯುತ್ತಿದೆ ಎಂದಿದ್ದೆ. ಶನಿವಾರ ಅವರು ನಮ್ಮ ಮನೆಯಲ್ಲಿ ಕುಳಿತು ಊಟ ಮಾಡಿದರಲ್ಲ, ತಲೆಯ ಮೇಲೆ ಮಾಡು ಇತ್ತು. ಒಂದು ಸಲ ಮೇಲೆ ನೋಡಿದ್ದನ್ನು ನಾನು ಕಂಡೆ. ನಿನ್ನ ಕೋಣೆಯ ಜೋಳದ ಮೂಟೆಗಳನ್ನು ಲೋಂಬೆ ಇವತ್ತು ಬೆಳಿಗ್ಗೆ ನನ್ನನ್ನು ಕೇಳದೆಯೇ ಹೊರಗೆ ಎಳೆದು ಹಾಕಿದ್ದಾಳೆ. ನೀನು ಬರಲು ಒಪ್ಪುತ್ತೀಯೋ ಇಲ್ಲವೋ ನಿನ್ನಿಷ್ಟ, ಕೇಳುವುದಕ್ಕಾದರೂ ಬಿಡು. ಬಾಗಿಲಲ್ಲಿ ನನ್ನನ್ನು ನೋಡಿದ ಕೂಡಲೇ ಏನು ಕೇಳುತ್ತೀಯ ಎಂದು ಗೊತ್ತು. ಹೌದು, ಸಿಕ್ಕಿತ್ತು. ಕೋತಿಗೂ ಬಾಲವಿದೆ.